ಅಕ್ಕಿಕಾಳು ಎರಡನೇ ಸಲ ಬೀಳುವುದಿಲ್ಲ

ಹೊಸಪೇಟೆಯ ಫೋಟೊಗ್ರಾಫರಿಗೆ ಹಂಪಿ ಹಿತ್ತಲಿನ ಸ್ಟುಡಿಯೊ. ಹಾಗಾಗಿಯೇ ಇಲ್ಲಿನ ಆಲ್ಬಂಗಳೆಲ್ಲ ಒಂದೇ ಥರ ಕಾಣತೊಡಗಿವೆ. ಈ ಸೀಮೆಯಲ್ಲಿ ಮದುವೆ ಫೋಟೊ ತೆಗೆದು ಹೆಸರು ಮಾಡಬೇಕೆಂದರೆ ಕಲ್ಲಿನ ರಥಕ್ಕಿಂತ ಮದುವೆಮನೆಯನ್ನು ಚೆನ್ನಾಗಿ ಬಲ್ಲವರಾಗಬೇಕು.

1. ಮೊದಲು ಶಾಸ್ತ್ರ, ಆಮೇಲೆ ಲೆನ್ಸ್. ಲಿಂಗಾಯತರ ಮನೆಯಲ್ಲಿ ಗುಗ್ಗಳ, ಸುರಗಿ ನೀರು ಇರುತ್ತವೆ. ತೆಲುಗು ಮನೆಮಾತಿನವರಲ್ಲಿ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವುದೇ ಮುಹೂರ್ತದ ಕ್ಷಣ. ಹಿಂದಿನ ದಿನವೇ ಮನೆಯ ಹಿರಿಯ ಹೆಂಗಸೊಬ್ಬರ ಜೊತೆ ಕೂತು ಕ್ರಮ ಬರೆದುಕೊಳ್ಳಿ. ಗಟ್ಟಿಮೇಳ ಶುರುವಾದ ಮೇಲೆ ಬ್ಯಾಗು ತಡಕಾಡುವಂತಿಲ್ಲ. ಬೀಳುವ ಅಕ್ಷತೆಯ ಅಕ್ಕಿಕಾಳು ಗಾಳಿಯಲ್ಲೇ ನಿಲ್ಲಬೇಕಾದರೆ ಶಟರ್ 1/500 ಸೆಕೆಂಡಿಗಿಂತ ನಿಧಾನವಾಗಬಾರದು. ಕಲ್ಯಾಣಮಂಟಪದ ಎಲ್‌ಇಡಿ ದೀಪಗಳಿಂದ ಪಟ್ಟೆ ಮೂಡುತ್ತದೆಯೇ ಎಂದು ಜನ ಸೇರುವ ಮೊದಲೇ ಪರೀಕ್ಷಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್. ಹಾಗಾಗಿ ವಿಡಿಯೊಗೆ ಶಟರ್ 1/50 ಅಥವಾ 1/100 ಒಳ್ಳೆಯದು.

2. ಮುಹೂರ್ತಕ್ಕೆ ಇಬ್ಬರು ಬೇಕೇಬೇಕು. ಒಬ್ಬರ ಕಣ್ಣು ತಾಳಿಯ ಮೇಲೆ, ಇನ್ನೊಬ್ಬರ ಕಣ್ಣು ಹೆಣ್ಣಿನ ತಾಯಿಯ ಮುಖದ ಮೇಲೆ.

3. ಅಜ್ಜ-ಅಜ್ಜಿಯರನ್ನು ಕೂರಿಸಿ ತೆಗೆಯಿರಿ. ನನ್ನ ಮಟ್ಟಿಗೆ ಈ ಕಸುಬಿನ ಅತಿ ದೊಡ್ಡ ಕೆಲಸ ಇದು. ಹಳ್ಳಿಯ ಎಷ್ಟೋ ಹಿರಿಯರಿಗೆ ಇಸ್ತ್ರಿ ಬಟ್ಟೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ, ನೆಮ್ಮದಿಯಾಗಿ ಕೂತ ಚಿತ್ರವೇ ಇರುವುದಿಲ್ಲ. ಆಧಾರ್ ಕಾರ್ಡಿನ ಮಸುಕು ಮುಖವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿದ ಮನೆಗಳನ್ನು ಕಂಡಿದ್ದೇನೆ. ಊಟದ ಗದ್ದಲಕ್ಕೆ ಮುಂಚೆ, ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ. ಐದು ನಿಮಿಷ ಸಾಕು. ದುಡ್ಡು ಕೇಳಬೇಡಿ. ಆ ಮನೆಯ ಮುಂದಿನ ಮದುವೆಗೆ ನಿಮ್ಮನ್ನೇ ಕರೆಯುತ್ತಾರೆ.

4. ಮೈಬಣ್ಣ ತೊಳೆಯಬೇಡಿ. ಎಡಿಟಿಂಗ್‌ನಲ್ಲಿ ಕಪ್ಪು ಹುಡುಗಿಯನ್ನು ಬೆಳ್ಳಗೆ ಮಾಡಿಕೊಡುವುದು ಅವಳಿಗೆ ಮಾಡುವ ಅವಮಾನ. ಮನೆಯವರೇ ಕೇಳಿದರೂ ಮೆತ್ತಗೆ ಬೇಡವೆನ್ನಿ, ಸರಿಯಾದ ಬೆಳಕಿನ ಒಂದು ಪ್ರಿಂಟ್ ತೋರಿಸಿ.

5. ಹಂಪಿಯಲ್ಲಿ ಸೂರ್ಯನ ದಿಕ್ಕು ನೋಡಿ ಹೊರಡಿ. ವಿರೂಪಾಕ್ಷನ ದೊಡ್ಡ ಗೋಪುರಕ್ಕೆ ಬೆಳಗಿನ ಬಿಸಿಲು ಎದುರಿನಿಂದ ಬೀಳುತ್ತದೆ. ಹೇಮಕೂಟಕ್ಕೆ ಸಂಜೆಯೇ ಚೆಂದ. ಏಪ್ರಿಲ್-ಮೇ ನಡುಹಗಲಲ್ಲಿ ಬಂಡೆಗಳ ಮೇಲೆ ಜೋಡಿಯನ್ನು ನಿಲ್ಲಿಸುವುದು ಶಿಕ್ಷೆ. ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟು, ಡ್ರೋನ್ ಬಳಸಬೇಕಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ಕಂಬ ಹತ್ತಿಸಬೇಡಿ, ಶಿಲ್ಪಕ್ಕೆ ಒರಗಿಸಬೇಡಿ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರನ್ನು ವಿರೂಪಾಕ್ಷನ ಗುಡಿಯ ಹಿಂಭಾಗದ ಕತ್ತಲೆ ಕೋಣೆಗೆ ಕರೆದೊಯ್ಯಿರಿ. ಸಣ್ಣ ಕಿಂಡಿಯಿಂದ ತೂರಿಬಂದ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

6. ಸಂಡೂರಿಗೆ ಹೋದರೆ ದೂಳಿನ ಲೆಕ್ಕವಿರಲಿ. ಅದಿರಿನ ಕೆಂಪು ದೂಳು ಸೆನ್ಸರ್ ಮೇಲೆ ಕೂರುತ್ತದೆ. ಕಾರಿನೊಳಗೆ ಗಾಜು ಏರಿಸಿಯೇ ಲೆನ್ಸ್ ಬದಲಿಸಿ. ಅಲ್ಲಿನ ಲಂಬಾಣಿ ಕಸೂತಿಯ ಕನ್ನಡಿಗಳು ನೇರ ಫ್ಲಾಶನ್ನು ಚುಚ್ಚುವ ಬಿಳಿ ಚುಕ್ಕೆಗಳಾಗಿಸುತ್ತವೆ. ಫ್ಲಾಶನ್ನು ಸೂರಿನತ್ತ ತಿರುಗಿಸಿ, ಇಲ್ಲವೇ ತಾಂಡಾದ ಸಂಜೆ ಬೆಳಕನ್ನೇ ನಂಬಿ.

7. ಕಂಪ್ಲಿಯ ಮಳೆಗಾಲದ ಮದುವೆಗೆ ಎರಡು ದಾರಿ ತಿಳಿದಿರಲಿ. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ. ಹೊಳೆಯಾಚೆ ಮುಹೂರ್ತವಿದ್ದರೆ ಹಿಂದಿನ ರಾತ್ರಿಯೇ ಅಲ್ಲಿ ತಂಗಿ.

8. ಮೂರು ಪ್ರತಿ ಇಡಿ. ಕ್ಯಾಮೆರಾದ ಎರಡೂ ಕಾರ್ಡಿನಲ್ಲಿ ಬರೆಯಿಸಿ, ಅಂದೇ ರಾತ್ರಿ ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದು ಪ್ರತಿ ಬೇರೆ ಮನೆಯಲ್ಲಿರಲಿ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಅವು ಉಳಿದಿದ್ದರಿಂದಲೇ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆಯಲು ಸಾಧ್ಯವಾಯಿತು. ಮದುವೆಯ ಚಿತ್ರಗಳಿಗೂ ಅಷ್ಟು ಆಯುಷ್ಯ ಕೊಡುವ ಹೊಣೆ ನಮ್ಮದು. ಪ್ರಿಂಟ್ ಆಲ್ಬಂ ಬಿಡಬೇಡಿ.

9. ಮಾತು ಕಾಗದದ ಮೇಲಿರಲಿ. ದಿನ, ಗಂಟೆ, ಅಡ್ವಾನ್ಸ್, ಆಲ್ಬಂ ಕೊಡುವ ಗಡುವು ಎಲ್ಲವನ್ನೂ ಬರೆಯಿರಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ತೆಗೆಸಿದವರದ್ದೇ. ಇನ್‌ಸ್ಟಾಗ್ರಾಮಿಗೆ ಹಾಕುವ ಮುನ್ನ ಮದುಮಗಳ ಒಪ್ಪಿಗೆ ಕೇಳಿ. ತಂದೆಯ ಒಪ್ಪಿಗೆಯಷ್ಟೇ ಸಾಲದು.

10. ಆಷಾಢದಲ್ಲಿ ಮುಹೂರ್ತಗಳಿಲ್ಲ. ಬಾಕಿ ಆಲ್ಬಂ ಮುಗಿಸಿ, ಲೆನ್ಸ್ ಸರ್ವಿಸ್ ಮಾಡಿಸಿ, ಆ ತಿಂಗಳ ಸಹಾಯಕರ ಸಂಬಳವನ್ನು ಸೀಸನ್ನಿನಲ್ಲೇ ಎತ್ತಿಡಿ.