ಅಜ್ಜಾರ ಸಾಲಿಯೋ, ಸರ್ಕಾರಿ ಸಾಲಿಯೋ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕನಾಗಿ ಓಡಾಡುವಾಗ ಹೋದಲ್ಲೆಲ್ಲ ಎದುರಾಗುವ ಪ್ರಶ್ನೆ: "ಸರ, ಹುಡುಗನ್ನ ಅಜ್ಜಾರ ಸಾಲಿಗೆ ಹಾಕೂನೋ, ಸರ್ಕಾರಿ ಸಾಲಿಗೋ?" ಅಜ್ಜಾರ ಸಾಲಿ ಎಂದರೆ ಮಠದ ಶಾಲೆ.

1. ಈ ಪ್ರಶ್ನೆಯ ಹಿಂದೆ ಭಕ್ತಿಗಿಂತ ಗುಳೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಒಣಬೇಸಾಯದ ಊರುಗಳ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ನಡೆಯಲಾರದ ಮಗುವನ್ನು ತಗಡಿನ ಶೆಡ್ಡಿಗೆ ಒಯ್ಯುವುದು ಕಷ್ಟ, ಮುದುಕಿಯ ಕೈಗೆ ಬಿಡುವುದೂ ಕಷ್ಟ. ಮಠದಲ್ಲಿ ವಸತಿಯಿದೆ, ದಾಸೋಹವಿದೆ. ಗುಳೆ ಹೊರಟ ತಾಯಿಗೆ "ಸರ್ಕಾರಿ ಶಾಲೆಯೇ ಒಳ್ಳೆಯದು" ಎಂದು ಭಾಷಣ ಬಿಗಿಯುವುದರಲ್ಲಿ ಅರ್ಥವಿಲ್ಲ.

2. ಆದರೆ ವಸತಿ ಎಂದರೆ ಆರೈಕೆ ಅಲ್ಲ. ಶೌಚಕ್ಕೆ ಯಾರು ಕರೆದೊಯ್ಯುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಮಾತ್ರೆ ಯಾರ ಬಳಿ ಇದೆ? ಯಾವುದೇ ಧರ್ಮದ ಸಂಸ್ಥೆಯಾದರೂ, ಸರ್ಕಾರದ್ದಾದರೂ ಮೊದಲು ಕೇಳಬೇಕಾದ್ದು ಇದನ್ನೇ. "ಎಲ್ಲಾ ನೋಡಿಕೊಳ್ತೀವಿ" ಎಂಬುದು ಉತ್ತರವಲ್ಲ. ನೋಡಿಕೊಳ್ಳುವವರ ಹೆಸರು ಬೇಕು.

3. "ಇಂಥ ಮಕ್ಕಳನ್ನ ತಗೊಳ್ಳಲ್ಲ" ಎಂದು ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಹೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಅದನ್ನು ತಡೆಯುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ 2014ರ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ವಿನಾಯಿತಿ ಶಿಕ್ಷಣ ಹಕ್ಕು ಕಾಯ್ದೆಯಿಂದ ಮಾತ್ರ, ಅಂಗವಿಕಲರ ಹಕ್ಕುಗಳ ಕಾಯ್ದೆಯಿಂದಲ್ಲ. ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಅದೇ ಕಾಯ್ದೆಯ 31ನೇ ಕಲಮಿನಲ್ಲಿದೆ.

4. ಪ್ರಾರ್ಥನೆಯ ಗಂಟೆ, ಮೈಕು ಆಟಿಸಂ ಇರುವ ಮಗುವಿಗೆ ಹಿಂಸೆಯಾಗಬಹುದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಹೇಳಿದರೆ ಬಹಳಷ್ಟು ಕಡೆ ಒಪ್ಪುತ್ತಾರೆ. ಕೇಳುವವರೇ ಇಲ್ಲ.

5. ಗದಗದ ವೀರೇಶ್ವರ ಪುಣ್ಯಾಶ್ರಮದ ಮಾತು ಬಂದೇ ಬರುತ್ತದೆ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ಪದ್ಮಭೂಷಣ ಪಡೆದ ಪುಟ್ಟರಾಜ ಗವಾಯಿಗಳು ಅಲ್ಲಿ ಕಾಣದ ಮಕ್ಕಳ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಬದುಕು ಕಟ್ಟಿಕೊಟ್ಟರು. ಧಾರ್ಮಿಕ ಸಂಸ್ಥೆಯಿಂದ ಏನಾಗಬಹುದು ಎಂಬುದಕ್ಕೆ ಅಷ್ಟು ಸಾಕು. ಹಾಗಂತ ಕಣ್ಣಿಲ್ಲದ ಪ್ರತಿ ಹುಡುಗನಿಗೂ ಸ್ವರ ಒಲಿಯುವುದಿಲ್ಲ. ಲೆಕ್ಕದಲ್ಲಿ ಚುರುಕಿರುವವನಿಗೆ ಬ್ರೈಲ್ ಬೇಕು.

6. ಧಾರ್ಮಿಕ ಪಾಠ ಮಾತ್ರ ಕೊಡುವ ಮದರಸಾ, ವೇದ ಪಾಠಶಾಲೆಗಳು 2012ರ ತಿದ್ದುಪಡಿಯಂತೆ ಶಿಕ್ಷಣ ಹಕ್ಕು ಕಾಯ್ದೆಯ ಹೊರಗಿವೆ. ಅಲ್ಲಿಗಷ್ಟೇ ಹೋಗುವ ಮಗುವಿನ ಹೆಸರು ಶಾಲಾ ದಾಖಲೆಯಲ್ಲಿರುವುದಿಲ್ಲ. ಹೆಸರಿಲ್ಲದಿದ್ದರೆ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಮೂಲಕ ಬರುವ ಗಾಲಿಕುರ್ಚಿ, ಶ್ರವಣಸಾಧನ ಕೈತಪ್ಪುತ್ತವೆ. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗಿರುವ ತಿಂಗಳಿಗೆ 200 ರೂಪಾಯಿಯೂ ಅಷ್ಟೆ. ಬೆಳಿಗ್ಗೆ ಮದರಸಾ, ಹಗಲು ಸರ್ಕಾರಿ ಉರ್ದು ಶಾಲೆ: ಇದು ನಾನು ಕಂಡಂತೆ ಚೆನ್ನಾಗಿ ನಡೆಯುವ ಹೊಂದಾಣಿಕೆ.

7. ಸರ್ಕಾರಿ ಶಾಲೆಯನ್ನು ಹೊಗಳಲು ನಾನು ಸಿದ್ಧನಿಲ್ಲ. ರ‍್ಯಾಂಪ್ ಇರುತ್ತದೆ, ಅದರ ತುದಿಯಲ್ಲಿ ಬೀಗ ಹಾಕಿದ ಶೌಚಾಲಯ. ಸಂಪನ್ಮೂಲ ಶಿಕ್ಷಕರು ಬೆರಳೆಣಿಕೆ, ಹಳ್ಳಿಗಳು ನೂರಾರು. ಆದರೂ ಮನೆಯಲ್ಲೇ ಅಣ್ಣ-ತಂಗಿ ಜೊತೆ ಇದ್ದು, ಓಣಿಯ ಗೆಳೆಯರೊಂದಿಗೆ ಬಿಸಿಯೂಟ ಉಣ್ಣುವ ಮಗು ಮಾತು ಬೇಗ ಕಲಿಯುವುದನ್ನು ಕಂಡಿದ್ದೇನೆ. ಪಾಲಕರು ಊರಲ್ಲೇ ಇರುವವರಾದರೆ ನನ್ನ ಮತ ಊರ ಶಾಲೆಗೆ.

ಯಾವ ಶಾಲೆಗೇ ಸೇರಿಸಿ, ಜೂನ್‌ಗೆ ಮೊದಲು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ. ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ ಮಗುವಿನ ಹೆಸರು ಬರೆಸಿ ಬನ್ನಿ.