ಸಯಾಮೀಸ್ ಬೆಕ್ಕು ತರುವ ಮುನ್ನ

ನೀಲಿ ಕಣ್ಣು, ಕಪ್ಪು ಮೂತಿಗೆ ಮರುಳಾಗಿ ಬೆಂಗಳೂರಿನಿಂದ ಸಯಾಮೀಸ್ ಮರಿ ತರಿಸುವ ಆಸೆಯೇ? ಶೃಂಗೇರಿ ಕಡೆಯವರು ತುಸು ನಿಧಾನಿಸಿ. ಅಟ್ಟದ ಇಲಿ ಹಿಡಿದು ಒಲೆಬುಡದಲ್ಲಿ ಮಲಗುವ ಊರ ಬೆಕ್ಕಿನ ಜಾಯಮಾನ ಇದರದ್ದಲ್ಲ. ಒಂಟಿತನ ಸಹಿಸದು, ಕೂಗಿ ಕೂಗಿ ಮಾತಿಗೆಳೆಯುತ್ತದೆ. ಮನೆಮಂದಿಯೆಲ್ಲ ತೋಟಕ್ಕೆ ಹೋದರೆ ಸಂಜೆವರೆಗೆ ಅದಕ್ಕೆ ಜೊತೆ ಯಾರು? ಹದಿನೈದು ವರ್ಷ ಬಾಳಬಲ್ಲ ಜೀವ ಬೇರೆ.

ಮಳೆಗಾಲದ ಥಂಡಿಗೆ ಮೈಬಣ್ಣ ಗಾಢವಾದರೆ ಗಾಬರಿ ಬೇಡ. ಮೈಯ ತಂಪು ಭಾಗಗಳಲ್ಲೇ ಅದರ ಕಪ್ಪು ಮೂಡುವುದು. ನಿಜವಾದ ತಲೆನೋವು ಉಣ್ಣಿಯದು. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣ್ಣಿಯಿಂದಲೇ ಹರಡುವ ಮಂಗನ ಕಾಯಿಲೆ ನಮ್ಮ ಸೀಮೆಯನ್ನು ಇನ್ನೂ ಬಿಟ್ಟಿಲ್ಲ. ಬೆಕ್ಕನ್ನು ಕಾಡಂಚಿಗೆ ಬಿಡಬೇಡಿ. ಹಾಗಂತ ನಾಯಿಗೆ ತಂದ ಉಣ್ಣಿ ಔಷಧಿಯನ್ನೇ ಇದಕ್ಕೂ ಹಚ್ಚೀರಿ, ಜೋಕೆ! ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯಬಹುದು. ಜ್ವರದ ಪ್ಯಾರಾಸಿಟಮಾಲ್ ಕೂಡ ಅದಕ್ಕೆ ವಿಷವೇ. ಅಡಿಕೆಗೆ ಬೋರ್ಡೋ ಹೊಡೆಯುವ ದಿನ ಒಳಗೇ ಇರಲಿ, ಸದಾ ಪಾದ ನೆಕ್ಕುವ ಪ್ರಾಣಿಯಲ್ಲವೇ.

ಮೂರು ತಿಂಗಳಾದರೂ ತಾಯಿಯ ಜೊತೆಗಿದ್ದ ಮರಿಯನ್ನೇ ಆರಿಸಿ, ತಾಯಿಯನ್ನೂ ಕಣ್ಣಾರೆ ನೋಡಿ. ಫೋಟೋ ಕಳಿಸಿ, ಬಸ್ಸಿನಲ್ಲಿ ಡಬ್ಬಿಗೆ ತುಂಬಿ ಕಳಿಸುತ್ತೇನೆನ್ನುವವರ ಸಹವಾಸ ಬೇಡ. ರೇಬಿಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆಂದು ಮರಿ ತರುವ ಮೊದಲೇ ಪಶುವೈದ್ಯರಲ್ಲಿ ವಿಚಾರಿಸಿಕೊಳ್ಳಿ.