ಆಸ್ಪತ್ರೆ ಕೆಲಸದ ತರಬೇತಿ: ದುಡ್ಡು ಕಟ್ಟುವ ಮುನ್ನ

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಆಸ್ಪತ್ರೆಯ ಕೆಲಸ ಕಲಿಯಬೇಕೆನ್ನುವವರ ಪ್ರಶ್ನೆಗಳಲ್ಲಿ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಂದ ಬಂದವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಗಳು ಕಲಾ ವಿಭಾಗದಲ್ಲಿ ಪಿಯುಸಿ ಪಾಸಾಗಿದ್ದಾಳೆ. ‘ಮೆಡಿಕಲ್ ಅಸಿಸ್ಟೆಂಟ್’ ಕೋರ್ಸ್ 6 ತಿಂಗಳು, ಮುಗಿದ ಮೇಲೆ ನರ್ಸ್ ಕೆಲಸ ಗ್ಯಾರಂಟಿ ಎಂದು ಒಂದು ಸಂಸ್ಥೆಯವರು ಹೇಳುತ್ತಾರೆ. ಅಡಿಕೆ ಮಾರಿದ ಹಣ ಕೈಯಲ್ಲಿದೆ. ಕಟ್ಟಬಹುದೇ?
– ಓದುಗರು, ಚನ್ನಗಿರಿ

ಉತ್ತರ: ಕಟ್ಟಬೇಡಿ. 6 ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಅದಕ್ಕೆ 2 ವರ್ಷದ ಎಎನ್‌ಎಂ ಅಥವಾ 3 ವರ್ಷದ ಜಿಎನ್‌ಎಂ ಓದಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. ಕಲಾ ವಿಭಾಗದವರೂ ಇವೆರಡಕ್ಕೂ ಸೇರಬಹುದು.

ಅಮೆರಿಕದ ಕ್ಲಿನಿಕ್‌ಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂಬ ಹುದ್ದೆಯೇ ಇದೆ. ನಮ್ಮಲ್ಲಿ ಆ ಕೆಲಸವನ್ನು ನರ್ಸ್, ಲ್ಯಾಬ್ ಟೆಕ್ನಿಷಿಯನ್, ವಾರ್ಡ್ ಸಹಾಯಕರು ಹಂಚಿಕೊಂಡು ಮಾಡುತ್ತಾರೆ. ಬೇಗ ದುಡಿಮೆ ಬೇಕೆಂದರೆ ಸರ್ಕಾರದ ಕೌಶಲ ಯೋಜನೆಯಡಿ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ತರಬೇತಿ ಇದೆ. ರೋಗಿಗೆ ಮೈ ಒರೆಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಊಟ ಮಾಡಿಸುವುದನ್ನು ಅಲ್ಲಿ ಕಲಿಸುತ್ತಾರೆ. ಗೌರವದ ಕೆಲಸವೇ, ಆದರೆ ನರ್ಸ್ ಹುದ್ದೆಯಲ್ಲ. ಮಗಳಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸಿ ಹೇಳಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂಬ ಆಸೆ. ನಮ್ಮದು ಮಳೆ ನಂಬಿದ ಬೇಸಾಯ, ಹೆಚ್ಚು ಖರ್ಚು ಮಾಡುವ ಶಕ್ತಿ ಇಲ್ಲ.
– ವಿದ್ಯಾರ್ಥಿ, ಜಗಳೂರು

ಉತ್ತರ: ರಾಜ್ಯ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾಗಳಿಗೆ ಎಸ್ಸೆಸ್ಸೆಲ್ಸಿ ಆದವರಿಗೆ 3 ವರ್ಷ, ವಿಜ್ಞಾನ ಪಿಯುಸಿ ಆದವರಿಗೆ 2 ವರ್ಷ ಎಂಬ ಪದ್ಧತಿ ನಡೆದುಬಂದಿದೆ. ಈ ಕ್ಷೇತ್ರಕ್ಕೆ 2021ರ ಕೇಂದ್ರ ಕಾಯ್ದೆ ಬಂದ ಮೇಲೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ತರುವ ಕೆಲಸ ನಡೆದಿದೆ. ಹಾಗಾಗಿ ಸೇರುವ ವರ್ಷದ ಅಧಿಸೂಚನೆಯನ್ನು ನೀವೇ ಓದಿ, ಏಜೆಂಟರ ಮಾತು ನಂಬಬೇಡಿ. ಮನೆಯಲ್ಲಿ ಒಪ್ಪುವುದಾದರೆ ವಿಜ್ಞಾನ ಪಿಯುಸಿ ಮುಗಿಸಿಯೇ ಹೋಗಿ. ಮುಂದೆ ಪದವಿ ಓದುವ ದಾರಿಯೂ ಉಳಿಯುತ್ತದೆ. ಖರ್ಚಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಿ, ಸರ್ಕಾರಿ ಹಾಸ್ಟೆಲ್‌ಗೂ ಪ್ರಯತ್ನಿಸಿ.

ಈ ವಿದ್ಯೆಗೆ ಕೈಯಷ್ಟೇ ಸಾಲದು, ಎಚ್ಚರ ಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಇರುತ್ತದೆ. ಸಾಮಾನ್ಯವಾಗಿ ಅದು ಪೊಟ್ಯಾಸಿಯಂ ಲವಣ. ಬೇರೆ ಟ್ಯೂಬಿಗೆ ರಕ್ತ ಸಾಲಲಿಲ್ಲವೆಂದು ಇದರಿಂದ ಸ್ವಲ್ಪ ಸುರಿದರೆ, ವರದಿಯಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ವೈದ್ಯರು ಆ ಅಂಕಿಯನ್ನು ನಂಬಿ ಔಷಧಿ ಬರೆದರೆ ರೋಗಿಯ ಗತಿಯೇನು? ಟ್ಯೂಬಿನ ಮೇಲೆ ಹೆಸರನ್ನೂ ರೋಗಿಯ ಮುಂದೆಯೇ ಬರೆಯಬೇಕು, ಲ್ಯಾಬಿಗೆ ಬಂದ ಮೇಲಲ್ಲ.

ಪ್ರಶ್ನೆ: ವಿಜ್ಞಾನ ಪಿಯುಸಿ ಆಗಿದೆ, ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಎಕ್ಸ್‌ರೇ, ಡಯಾಲಿಸಿಸ್, ಓಟಿ, ಇವುಗಳಲ್ಲಿ ಯಾವುದು ಒಳ್ಳೆಯದು? ಶಿವಮೊಗ್ಗಕ್ಕೆ ಹೋಗಲೋ, ದಾವಣಗೆರೆಗೆ ಹೋಗಲೋ?
– ವಿದ್ಯಾರ್ಥಿನಿ, ಹೊನ್ನಾಳಿ

ಉತ್ತರ: ಜನರೊಡನೆ ಬೆರೆಯುವ ಸ್ವಭಾವವಿದ್ದರೆ ಡಯಾಲಿಸಿಸ್ ಹೊಂದುತ್ತದೆ. ಅದೇ ರೋಗಿ ವಾರಕ್ಕೆ ಎರಡು ಮೂರು ಸಲ ಬಂದು ಒಂದೊಂದು ಸಲಕ್ಕೆ ಸುಮಾರು 4 ತಾಸು ಮಲಗಿರುತ್ತಾರೆ. ಅವರ ಬಿಪಿ ಕುಸಿಯುವ ಲಕ್ಷಣವನ್ನು ಮೊದಲು ಕಾಣಬೇಕಾದವರು ಪಕ್ಕದಲ್ಲಿರುವ ನೀವು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಘಟಕಗಳಿವೆ. ಶಸ್ತ್ರಚಿಕಿತ್ಸೆ ನಡೆಯುವ ಓಟಿಯಲ್ಲಿ ಗಂಟೆಗಟ್ಟಲೆ ನಿಲ್ಲುವ ತಾಳ್ಮೆ, ಎಕ್ಸ್‌ರೇಯಲ್ಲಿ ವಿಕಿರಣದ ಶಿಸ್ತು ಮುಖ್ಯ.

ಯಾವ ಊರು ಎನ್ನುವುದಕ್ಕಿಂತ ಯಾವ ಆಸ್ಪತ್ರೆ ಎಂದು ಕೇಳಿ. ದಾವಣಗೆರೆಯಲ್ಲಿ 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜಿನ ಕಾಲದಿಂದ ಬೋಧಕ ಆಸ್ಪತ್ರೆಗಳ ಪರಂಪರೆ ಇದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ನೀವು ನೋಡಿದ ಕಾಲೇಜಿನ ವಿದ್ಯಾರ್ಥಿಗಳು ದಿನವೂ ಯಾವ ವಾರ್ಡಿಗೆ, ಎಷ್ಟು ಹೊತ್ತು ಹೋಗುತ್ತಾರೆಂದು ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸಿ. ರೋಗಿಗಳಿಲ್ಲದ ಕಡೆ ಕಲಿತದ್ದು ಪರೀಕ್ಷೆಗೆ ಸಾಕಾದೀತು, ಕೆಲಸಕ್ಕೆ ಸಾಲದು.

ಪ್ರಶ್ನೆ: ಪಿಯುಸಿ ಓದಿದ್ದೇನೆ. ಹಲವು ವರ್ಷಗಳಿಂದ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾ ಇಂಜೆಕ್ಷನ್ ಕೊಡುವುದನ್ನೂ ಕಲಿತಿದ್ದೇನೆ. ಸರ್ಟಿಫಿಕೇಟ್ ಇಲ್ಲ. ಮೊನ್ನೆ ಬಳಸಿದ ಸೂಜಿ ಬೆರಳಿಗೆ ಚುಚ್ಚಿತು.
– ಮಹಿಳಾ ಓದುಗರು, ನ್ಯಾಮತಿ

ಉತ್ತರ: ಅಮ್ಮಾ, ಮೊದಲು ಸೂಜಿಯ ವಿಷಯ. ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಚುಚ್ಚಿದ 72 ಗಂಟೆಯೊಳಗೆ ಶುರುಮಾಡಬೇಕು. ಎರಡು ಗಂಟೆಯೊಳಗಾದರೆ ಬಹಳ ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಈಗಲೇ ಶುರುಮಾಡಿ 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್ ಮುಗಿಸಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. ಅಲ್ಲೇ ಸೂಜಿ ಕತ್ತರಿಸುವ ಸಾಧನದಲ್ಲಿ ಕತ್ತರಿಸಿ, ಸೂಜಿ ಚುಚ್ಚಿ ಹೊರಬರದ ಡಬ್ಬಿಗೆ ಹಾಕಿ.

ಅನುಭವ ನಿಮ್ಮ ಆಸ್ತಿ, ಆದರೆ ಅದು ನೋಂದಣಿಯಲ್ಲ. ಖಾಸಗಿ ಕ್ಲಿನಿಕ್‌ಗಳೂ ಅರ್ಹ ಸಿಬ್ಬಂದಿಯನ್ನೇ ಇಟ್ಟುಕೊಳ್ಳಬೇಕೆಂದು ರಾಜ್ಯದ 2007ರ ಕಾಯ್ದೆ ಹೇಳುತ್ತದೆ. ಇಂಜೆಕ್ಷನ್‌ನಿಂದ ರೋಗಿಗೆ ತೊಂದರೆಯಾದರೆ ಹೊಣೆ ನಿಮ್ಮ ಮೇಲೂ ಬೀಳುತ್ತದೆ. ವಯೋಮಿತಿ ವಿಚಾರಿಸಿ ಎಎನ್‌ಎಂಗೆ ಸೇರಿ. ಕೆಲಸ ಬಲ್ಲ ಕೈಗೆ ಓದು ಬೇಗ ಹತ್ತುತ್ತದೆ.

ಎಲ್ಲ ಓದುಗರಲ್ಲೂ ಒಂದು ವಿನಂತಿ. ಸೇರುವ ಮುನ್ನ ಮಂಡಳಿ ಅಥವಾ ಪರಿಷತ್ತಿನ ಮಾನ್ಯತೆಯ ಆದೇಶ, ತರಬೇತಿ ಕೊಡುವ ಆಸ್ಪತ್ರೆಯ ಹೆಸರು, ಪೂರ್ತಿ ಶುಲ್ಕದ ಪಟ್ಟಿ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ಕೊಡಲು ಹಿಂಜರಿಯುವ ಸಂಸ್ಥೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.